ಅಕೇಶಿಯಾ ಕಂಬದ ತೊಗಟೆ ಸುಲಿದ ನನ್ನ ಅನುಭವ

ಕೊಟ್ಟಿಗೆಯ ಮಾಡಿಗೆಂದು ನಮ್ಮ ಬೇಣದ (ಹುಲ್ಲುಗಾವಲಿನ) ಅಕೇಶಿಯಾವನ್ನೇ ಕಡಿದೆ. ಮೊದಲ ಒಂಬತ್ತು ಮರ ಉರುಳಿಸಿದ್ದು ಜನವರಿಯಲ್ಲಿ. ಅಡಿಕೆ ಸುಲಿತದ ಗಡಿಬಿಡಿ, ಒಣಗಿದ ಮೇಲೆ ನೋಡಿದರಾಯಿತೆಂದು ತೊಗಟೆ ಸಮೇತ ಬಿಟ್ಟೆ. ಏಪ್ರಿಲ್‌ನಲ್ಲಿ ಕತ್ತಿ ಹಿಡಿದರೆ ತೊಗಟೆ ಮರಕ್ಕೆ ಬೆಸುಗೆ ಹಾಕಿದಂತೆ ಕಚ್ಚಿಕೊಂಡಿತ್ತು. 12 ಅಡಿಯ ಒಂದು ಕಂಬಕ್ಕೆ ಅರ್ಧ ದಿನ. ಸಡಿಲವಾದ ಕಡೆ ಎಬ್ಬಿಸಿದರೆ ಅಡಿಯಲ್ಲಿ ಬಿಳಿ ಹುಳು, ಹಿಟ್ಟಿನಂಥ ಪುಡಿ. ಎರಡು ಕಂಬ ಬಚ್ಚಲೊಲೆಗೆ ಹೋದವು. ಸ್ವಂತ ಕೈಯಾರೆ ಬೆಳೆಸಿದ ಮರ, ಬೇಜಾರಾಯಿತು.

ಮರುವರ್ಷ ನವರಾತ್ರಿ ಮುಗಿದ ವಾರ, ನೆಲದ ತೇವ ಆರುವ ಮೊದಲೇ ಕಡಿದೆ. ಬೆಳಗ್ಗೆ ಎರಡು ಮರ, ಅವನ್ನು ಸಂಜೆಯೊಳಗೆ ಸುಲಿದು ಮುಗಿಸಿಯೇ ಮುಂದಿನ ಮರಕ್ಕೆ ಕೊಡಲಿ. ತೊಗಟೆಗೂ ಮರಕ್ಕೂ ನಡುವೆ ಜೀವಂತ ಪದರ ಒಂದಿದೆ. ಮರ ಚಿಗುರುವ ಕಾಲದಲ್ಲಿ ಅದು ಮೆತ್ತಗೆ, ಲೋಳೆಯಾಗಿರುತ್ತದೆ. ಒಣಗಿದರೆ ಅದೇ ಅಂಟು. ಹಸಿ ಅಡಿಕೆಯನ್ನೂ ಗೋಟನ್ನೂ (ಹಣ್ಣಾಗಿ ಸಿಪ್ಪೆ ಸಮೇತ ಒಣಗಿದ ಅಡಿಕೆ) ಸುಲಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಸಿ ಮರಕ್ಕೆ ಬೇಕಾದ್ದು ಹರಿತವಲ್ಲ. ಹಳೇ ಹಾರೆಯ ಚಪ್ಪಟೆ ತುದಿಯನ್ನು ಅರದಿಂದ ಉಜ್ಜಿ ದುಂಡಗೆ ಮಾಡಿಕೊಂಡೆ. ಕತ್ತಿಯಲ್ಲಿ ಉದ್ದಕ್ಕೊಂದು ಗೀರು ಹಾಕಿ, ಬುಡದಿಂದ ಹಾರೆ ತೂರಿಸಿ ಮೀಟಿದರೆ ಎರಡು ಮೂರು ಅಡಿಯ ಹಾಳೆಯೇ ಎದ್ದುಬರುತ್ತದೆ. ಮೊನೆ ಚೂಪಾಗಿದ್ದರೆ ಮರದೊಳಗೇ ನುಗ್ಗಿಬಿಡುತ್ತದೆ. ಕಂಬಕ್ಕೆ ಅರ್ಧ ಗಂಟೆ ಸಾಕಾಯಿತು.

ಗಂಟು, ಕವಲಿನ ಬುಡ ಮಾತ್ರ ಹಾರೆಗೆ ಬಗ್ಗುವುದಿಲ್ಲ. ಅದಕ್ಕೆ ಆಚಾರಿಯ ಹತ್ತಿರ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಎರಡು ಹಿಡಿಯ ಎಳೆಗತ್ತಿ ಮಾಡಿಸಿದೆ: 12 ಅಂಗುಲ ಅಲಗು, ಒಂದೇ ಬದಿಗೆ ಸಾಣೆ. ಸಾಣೆಯ ಇಳಿಜಾರು ಕೆಳಮುಖವಾಗಿ ಹಿಡಿದರೆ ಆಳ ಕೈಯ ಹತೋಟಿಯಲ್ಲಿರುತ್ತದೆ; ಮೇಲ್ಮುಖವಾದರೆ ಅಲಗು ಕಚ್ಚಿಕೊಂಡು ಒಳಗಿಳಿಯುತ್ತದೆ. ಗಂಟಿನ ಎರಡೂ ಕಡೆಯಿಂದ ಸ್ವಲ್ಪ ಸ್ವಲ್ಪವೇ ಎಳೆಯಬೇಕು. ಇದಕ್ಕೆ ಮಾತ್ರ ದಿನಕ್ಕೆರಡು ಸಲ ಸಾಣೆ ಬೇಕೇ ಬೇಕು. ಕಂಬವನ್ನು ಸೊಂಟದೆತ್ತರದ ಕತ್ತರಿಗಾಲಿನ ಮೇಲಿಟ್ಟುಕೊಳ್ಳಿ. ನೆಲದ ಮೇಲಿಟ್ಟು ಸುಲಿದ ಮೊದಲ ವರ್ಷ ವಾರಗಟ್ಟಲೆ ಬೆನ್ನು ನೆಟ್ಟಗಾಗಿರಲಿಲ್ಲ.

ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಎಚ್‌ಟಿಪಿ ಪಂಪಿನಲ್ಲಿ (ಜೋರು ಒತ್ತಡದ್ದು) ಬರೀ ನೀರು ಬಿಟ್ಟೂ ನೋಡಿದೆ. ತೊಗಟೆ ಏಳಲಿಲ್ಲ. ಆದರೆ ಸುಲಿದ ಮೇಲೆ ಉಳಿದ ಲೋಳೆ ಚೆನ್ನಾಗಿ ತೊಳೆದುಹೋಯಿತು. ತೊಳೆಯದ ಕಂಬಗಳಿಗೆ ನಾಲ್ಕೇ ದಿನದಲ್ಲಿ ಕಪ್ಪು ಬೂಸಲು ಬಂತು.

ಹುಳು ಹಿಡಿಯದಿರಲೆಂದು, ಹಸಿ ಇರುವಾಗಲೇ ಮೂರು ಪಾಲು ಬೋರಾಕ್ಸ್, ಎರಡು ಪಾಲು ಬೋರಿಕ್ ಆಸಿಡ್ ಬಿಸಿನೀರಲ್ಲಿ ಕರಗಿಸಿ ಎರಡು ಕೈ ಹಚ್ಚಿದೆ. ಮರದ ತೇವದ ಜೊತೆಗೇ ಅದು ಒಳಗಿಳಿಯುತ್ತದೆ, ತೊಗಟೆ ಇದ್ದರೆ ಆಗುವುದಿಲ್ಲ. ಮಳೆ ಬಿದ್ದರೆ ತೊಳೆದುಹೋಗುವುದರಿಂದ ಮಾಡಿನಡಿಯ ಮರಕ್ಕೆ ಮಾತ್ರ ಇದು ಸರಿ. ತುದಿ ಸೀಳದಂತೆ ಸಗಣಿ ಮೆತ್ತಿ, ನೆರಳಲ್ಲಿ ಅಡ್ಡಪಟ್ಟಿ ಇಟ್ಟು ಒಟ್ಟಿದೆ.

ಕೊಟ್ಟಿಗೆ ಎದ್ದು ಮೂರು ಮಳೆಗಾಲ ಕಳೆದಿದೆ. ಬಾಗಿಲ ಪಕ್ಕದ ಕಂಬದ ಕವಲಿನ ಸಂದಿಯಲ್ಲಿ ಅಂಗೈ ಅಗಲದ ತೊಗಟೆ ಉಳಿದುಬಿಟ್ಟಿತ್ತು. ಹೋದ ತಿಂಗಳು ಪುಡಿ ಉದುರಿದ್ದು ಅಲ್ಲಿಂದಲೇ. ಉಳಿಯಲ್ಲಿ ಕೆತ್ತಿ ತೆಗೆದು, ಬೋರಾಕ್ಸ್ ಹಚ್ಚಿದ್ದೇನೆ.