ಡಬ್ಬಿ ಮಾರೋದು ಬಿಟ್ಟೆ, ಕವರ್ ಕೊಡೋದು ಶುರು ಮಾಡಿದೆ

ತೀರ್ಥಹಳ್ಳಿ ಸುತ್ತಮುತ್ತ ಮನೆಮನೆಗೆ ಹೋಗಿ ಕಂಪ್ಯೂಟರ್ ಸರ್ವಿಸ್ ಮಾಡುವವನು ನಾನು. ಆಂಟಿವೈರಸ್ ಡಬ್ಬಿ ಮಾರುವುದನ್ನು ಬಿಟ್ಟು ನಾಲ್ಕೈದು ವರ್ಷ ಆಗಿರಬೇಕು. ಆಗ ನಮ್ಮ ಲೈನಿನವರೆಲ್ಲ ನಕ್ಕಿದ್ದರು. "ಮಾರಾಯ, ವಿಂಡೋಸ್ ಜೊತೆ ಪುಕ್ಕಟೆ ಬರೋದನ್ನ ನಂಬ್ಕೊಂಡು ಗಿರಾಕಿ ಕಳ್ಕೊಳ್ತೀಯ" ಅಂದ ಶಿವಮೊಗ್ಗದ ಗೆಳೆಯ. ಈಗ ಅವನೇ ಫೋನ್ ಮಾಡಿ ಸೆಟ್ಟಿಂಗ್ ಕೇಳುತ್ತಾನೆ. ಅದಕ್ಕೇ ಬರೆಯುವ ಧೈರ್ಯ ಬಂತು.

ಮೊದಲು ದುಡ್ಡಿನ ಮಾತು. ಒಂದು ಪಿಸಿಯ ಒಂದು ವರ್ಷದ ಡಬ್ಬಿ ನನಗೆ ಮುನ್ನೂರರ ಆಸುಪಾಸಿಗೆ ಸಿಗುತ್ತಿತ್ತು. ನಾನೂರೈವತ್ತಕ್ಕೋ ಐನೂರಕ್ಕೋ ಕೊಡುತ್ತಿದ್ದೆ. ಆದರೆ ವರ್ಷವಿಡೀ "ನೀವೇ ಹಾಕಿದ್ದಲ್ವಾ, ಆದ್ರೂ ವೈರಸ್ ಬಂತಲ್ಲ" ಅಂತ ಕರೆದಾಗೆಲ್ಲ ಸುಮ್ನೆ ಹೋಗಿ ಬರಬೇಕು. ಆಗುಂಬೆ ಕಡೆ ಒಂದು ಸಲ ಹೋಗಿ ಬಂದರೆ ಲಾಭವೆಲ್ಲ ಪೆಟ್ರೋಲಿಗೇ ಸರಿ. ಹೋಗಿ ನೋಡಿದರೆ ಅದು ವೈರಸ್ಸೂ ಅಲ್ಲ. ಯಾವುದೋ ಸೈಟಿಗೆ ನೋಟಿಫಿಕೇಶನ್ ಅನುಮತಿ ಕೊಟ್ಟಿರುತ್ತಾರೆ, ಅದು ಮೂಲೆಯಲ್ಲಿ ಹೆದರಿಸುತ್ತಾ ಕೂತಿರುತ್ತದೆ. ಎರಡನೇ ವರ್ಷ ರಿನ್ಯೂ ಮಾಡಿಸುವವರು ಹತ್ತರಲ್ಲಿ ಮೂವರಿದ್ದರೆ ಹೆಚ್ಚು. ಮೇಲಾಗಿ 4 ಜಿಬಿ ರ್‍ಯಾಮ್, ಹಳೇ ಹಾರ್ಡ್‌ಡಿಸ್ಕ್ ಇರುವ ಮಷಿನ್ ಆ ಭಾರಕ್ಕೆ ಏಳುವುದೇ ಇಲ್ಲ.

ಫೈಲೆಲ್ಲ ಲಾಕ್ ಆಗಿ ದುಡ್ಡು ಕೇಳಿದ ಕೇಸುಗಳನ್ನು ನಾನು ಕಣ್ಣಾರೆ ಕಂಡದ್ದು ಏಳೆಂಟು. ಜಾಸ್ತಿ ಸ್ಟಾಪ್-ಡಿಜೆವಿಯು ಅನ್ನುವ, ಫೈಲ್ ಲಾಕ್ ಮಾಡಿ ದುಡ್ಡು ಕೇಳುವ ವೈರಸ್ ಜಾತಿಯವು. ಸುಮಾರು ಅರ್ಧದಲ್ಲಿ ದುಡ್ಡು ಕೊಟ್ಟ ಆಂಟಿವೈರಸ್ ಇತ್ತು, ಲೈಸೆನ್ಸ್ ಕೂಡ ಚಾಲ್ತಿಯಲ್ಲಿತ್ತು. ಬಂದದ್ದೆಲ್ಲ ಕ್ರ್ಯಾಕ್ ಮೂಲಕವೇ, ಅಂದರೆ ದುಡ್ಡಿನ ಸಾಫ್ಟ್‌ವೇರನ್ನು ಪುಕ್ಕಟೆ ಓಡಿಸುವ ಕಳ್ಳ ಫೈಲು. ಝಿಪ್ ಫೈಲಿಗೆ ಪಾಸ್‌ವರ್ಡ್ ಹಾಕಿರುತ್ತಾರೆ, ಹಾಗಾಗಿ ಸ್ಕ್ಯಾನರಿಗೆ ಒಳಗೇನಿದೆ ಕಾಣುವುದಿಲ್ಲ. ಜೊತೆಗಿರುವ ಟೆಕ್ಸ್ಟ್ ಫೈಲಿನಲ್ಲಿ "ಮೊದಲು ಆಂಟಿವೈರಸ್ ಆಫ್ ಮಾಡಿ" ಅಂತ ಬರೆದಿರುತ್ತದೆ. ನಮ್ಮ ಹುಡುಗರು ಅದನ್ನು ಪರಮ ಶ್ರದ್ಧೆಯಿಂದ ಪಾಲಿಸುತ್ತಾರೆ! ಮನೆಯವರೇ ಚಿಲಕ ತೆಗೆದರೆ ನಾಯಿ ಎಷ್ಟು ದುಬಾರಿಯದ್ದಾದರೇನು?

ಅಲ್ಲಿಂದ ನಾನು ಯಾವ ಆಂಟಿವೈರಸ್ ಅಂತ ಕೇಳುವುದನ್ನೇ ಬಿಟ್ಟೆ. ಕಂಪ್ಯೂಟರಿನ ಪೂರ್ತಿ ಅಧಿಕಾರ ಕೊಡುವ ಅಡ್ಮಿನ್ ಪಾಸ್‌ವರ್ಡ್ ಯಾರ ಕೈಯಲ್ಲಿದೆ ಅಂತ ಕೇಳತೊಡಗಿದೆ. ಮನೆಯವರಿಗೆಲ್ಲ ಆ ಅಧಿಕಾರವಿಲ್ಲದ ಸ್ಟ್ಯಾಂಡರ್ಡ್ ಅಕೌಂಟ್. ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರ್ ಆನ್, ಬೇರೆ ಪ್ರೋಗ್ರಾಂ ಅದನ್ನು ಆಫ್ ಮಾಡದಂತೆ ತಡೆಯುವ, 2019ರಲ್ಲಿ ಬಂದ ಟ್ಯಾಂಪರ್ ಪ್ರೊಟೆಕ್ಷನ್ ಆನ್, ಬೇಡದ ಆಪ್ ತಡೆಯುವ ಸ್ವಿಚ್ಚೂ ಆನ್. ಸ್ಟ್ಯಾಂಡರ್ಡ್ ಅಕೌಂಟಿನಿಂದ ಡಿಫೆಂಡರನ್ನು ಆಫ್ ಮಾಡಲು ಬರುವುದಿಲ್ಲ, ಆಟ ಮುಗೀತು. ಬ್ರೌಸರ್ ಫೈರ್‌ಫಾಕ್ಸ್, ಅದರಲ್ಲಿ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್, ನೋಟಿಫಿಕೇಶನ್ ಪೂರ್ತಿ ಬಂದ್. ಇಷ್ಟಕ್ಕೇ ನನ್ನ ಪುಕ್ಕಟೆ ಓಡಾಟ ಅರ್ಧಕ್ಕಿಂತ ಕಮ್ಮಿ ಆಯಿತು.

ಶುರುವಿನಲ್ಲಿ ಇದು ನೆಟ್ಟಗೆ ನಡೆಯಲಿಲ್ಲ. ಪ್ರಿಂಟರ್ ಡ್ರೈವರಿಗೆ ಫೋನ್, ಟ್ಯಾಲಿ ಅಪ್‌ಡೇಟಿಗೆ ಫೋನ್. "ನಮ್ಮ ಕಂಪ್ಯೂಟರನ್ನ ನಾವೇ ಮುಟ್ಟಬಾರದಾ?" ಅಂತ ರೇಗಿ ಒಂದೆರಡು ಮನೆಯವರು ಬೇರೆ ಸರ್ವಿಸಿನವರನ್ನು ಕರೆದರು. ಆಮೇಲೆ ಹೊಳೆದದ್ದು ಕವರಿನ ಉಪಾಯ. ಪಾಸ್‌ವರ್ಡನ್ನು ಕವರಿನಲ್ಲಿ ಹಾಕಿ ಅಂಟಿಸಿ ಮನೆಯ ಅಮ್ಮನ ಕೈಗೆ ಕೊಡುತ್ತೇನೆ. ಅದು ಪಹಣಿ ಪತ್ರದ ಜೊತೆ ಬೀರುವಿಗೆ ಹೋಗುತ್ತದೆ. ಮಗನಿಗೆ ಬೇಕಾದರೆ ಅಮ್ಮನಿಗೆ ಕಾರಣ ಹೇಳಬೇಕು. ಎಷ್ಟೋ ಇನ್‌ಸ್ಟಾಲ್‌ಗಳು ಅಲ್ಲಿಗೇ ನಿಲ್ಲುತ್ತವೆ.

ನಿಮ್ಮಲ್ಲಿ ಕೆಲವರು ಈಗಾಗಲೇ ಹೇಳುತ್ತಿರುತ್ತೀರಿ: ಸ್ಟ್ಯಾಂಡರ್ಡ್ ಅಕೌಂಟಿನಲ್ಲಿ ಓಡಿದರೂ ಅವನ ಸ್ವಂತ ಫೈಲುಗಳು ಲಾಕ್ ಆಗಬಹುದಲ್ಲ? ಹೌದು. ಅದಕ್ಕೆ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್, ಅನುಮತಿ ಇಲ್ಲದ ಪ್ರೋಗ್ರಾಂ ಮುಖ್ಯ ಫೋಲ್ಡರಿನ ಫೈಲುಗಳನ್ನು ಬದಲಿಸದಂತೆ ತಡೆಯುವ ಸೆಟ್ಟಿಂಗ್. 2017ರಿಂದಲೂ ವಿಂಡೋಸ್‌ನಲ್ಲಿದೆ, ಮುಟ್ಟುವವರು ಕಮ್ಮಿ. ಯಾಕೆ ಅಂತ ನನಗೆ ಮೊದಲ ವಾರವೇ ಗೊತ್ತಾಯಿತು. ಮನೆಯಲ್ಲೇ ಡಿಟಿಪಿ ಮಾಡುವವರೊಬ್ಬರ ಪುಟ ಜೋಡಿಸುವ ಹಳೇ ಪ್ರೋಗ್ರಾಂ ಪೇಜ್‌ಮೇಕರ್ ಡಾಕ್ಯುಮೆಂಟ್ಸ್ ಫೋಲ್ಡರಿಗೆ ಸೇವ್ ಆಗುವುದನ್ನೇ ನಿಲ್ಲಿಸಿತು. ನಾಳೆ ಮದುವೆ ಕಾಗದ ಕೊಡಬೇಕು ಅಂತ ಅವರು ಕುಣಿದಾಡಿದರು. ಅನುಮತಿ ಪಟ್ಟಿಗೆ ಒಂದೊಂದೇ ಪ್ರೋಗ್ರಾಂ ಸೇರಿಸುತ್ತಾ ಹೋಗಬೇಕು. ಅದನ್ನು ಒಂದೇ ಏಟಿಗೆ ಮಾಡುವ ಸ್ಕ್ರಿಪ್ಟ್ ಬರೆದುಕೊಂಡಿದ್ದೇನೆ. ಅದನ್ನು ಮಾತ್ರ ಇಲ್ಲಿ ಹಾಕುವುದಿಲ್ಲ, ಹೊಟ್ಟೆಪಾಡು ನೋಡಿ. ಕೊನೆಯ ಆಸರೆ 1 ಟಿಬಿ ಎಕ್ಸ್‌ಟರ್ನಲ್ ಡಿಸ್ಕ್. ತಿಂಗಳಿಗೊಮ್ಮೆ ಕಾಪಿ, ಕೂಡಲೇ ವೈರ್ ಕಿತ್ತು ಒಳಗಿಡಬೇಕು. ಸದಾ ಸಿಕ್ಕಿಸಿಟ್ಟ ಡಿಸ್ಕ್ ಬ್ಯಾಕಪ್ಪೇ ಅಲ್ಲ.

ನೆಟ್‌ವರ್ಕಿನಿಂದ ಒಳನುಗ್ಗುವುದನ್ನು ತಡೆಯುವ ಫೈರ್‌ವಾಲಿಗೆ ನಾನು ಒಂದು ರೂಪಾಯಿಯನ್ನೂ ಖರ್ಚು ಮಾಡಿಸುವುದಿಲ್ಲ. ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2 ಬಂದ 2004ರಿಂದಲೂ ವಿಂಡೋಸಿನದ್ದು ತಾನಾಗಿಯೇ ಆನ್ ಇರುತ್ತದೆ. ಬೇರೆ ಮಷಿನ್‌ಗಳಿಗೆ ಕಾಣದಂತೆ ನೆಟ್‌ವರ್ಕ್ ಪ್ರೊಫೈಲನ್ನು ಪಬ್ಲಿಕ್‌ಗೆ ಇಡಿ, ಹಳೇ ಮಷಿನ್‌ನಲ್ಲಿ ಫೈಲ್ ಹಂಚುವ ಹಳೇ ವಿಧಾನ ಎಸ್‌ಎಂಬಿ 1 ಕಿತ್ತುಹಾಕಿ. 2017ರಲ್ಲಿ ಫೈಲ್ ಲಾಕ್ ಮಾಡುವ ವಾನಾಕ್ರೈ ವೈರಸ್ ಓಡಾಡಿದ್ದು ಅದೇ ದಾರಿಯಲ್ಲಿ. ಡಬ್ಬಿಯ ಜೊತೆ ಬರುವ ಫೈರ್‌ವಾಲ್ ಪ್ರತಿ ಪ್ರೋಗ್ರಾಮಿಗೂ "ಬಿಡಲೇ?" ಅಂತ ಕೇಳುತ್ತಿತ್ತು, ಜನ ಓದದೆ ಎಸ್ ಒತ್ತುತ್ತಿದ್ದರು. ಒಬ್ಬರು ನೋ ಒತ್ತಿ, ಜಿಎಸ್‌ಟಿ ಸಹಿಯ ಟೋಕನ್ ಕೆಲಸ ಮಾಡದೆ, ಕೊನೇ ದಿನ ರಾತ್ರಿ ನನ್ನನ್ನು ಎಬ್ಬಿಸಿದ್ದರು.

ನಮ್ಮ ಕಡೆ ನಿಜವಾದ ತೂತು ಇರುವುದು ಸಿಸಿಟಿವಿ ಡಬ್ಬದಲ್ಲಿ, ಅಂದರೆ ಕ್ಯಾಮೆರಾ ಚಿತ್ರ ಸೇವ್ ಮಾಡುವ ಡಿವಿಆರ್‌ನಲ್ಲಿ. ಅಡಿಕೆ ಅಂಗಳ ಕಾಯಲು ಎಲ್ಲರೂ ಕ್ಯಾಮೆರಾ ಹಾಕಿಸಿದ್ದಾರೆ. ಮೊಬೈಲಿನಲ್ಲಿ ಕಾಣಲಿ ಅಂತ ಹಾಕಿದವನು ರೌಟರಿನಲ್ಲಿ ಪೋರ್ಟ್, ಅಂದರೆ ಹೊರಗಿನ ಇಂಟರ್ನೆಟ್ಟಿನಿಂದ ಒಳಬರುವ ಬಾಗಿಲು, ತೆರೆದಿಟ್ಟು, ಡಿವಿಆರ್ ಪಾಸ್‌ವರ್ಡನ್ನು 12345 ಅಂತಲೇ ಬಿಟ್ಟು ಹೋಗಿರುತ್ತಾನೆ. 2016ರಲ್ಲಿ ಮಿರಾಯ್ ಅನ್ನುವ ವೈರಸ್ ಇಂಥ ಡಿವಿಆರ್, ಕ್ಯಾಮೆರಾಗಳನ್ನೇ ಸೇರಿಸಿಕೊಂಡು ದೊಡ್ಡ ದೊಡ್ಡ ಸೈಟುಗಳನ್ನು ಮಲಗಿಸಿತ್ತು. ನಾನು ಕಂಪ್ಯೂಟರ್ ಮುಟ್ಟುವ ಮೊದಲು ರೌಟರಿಗೆ ಹೋಗುತ್ತೇನೆ. ಪೋರ್ಟ್ ಫಾರ್ವರ್ಡ್ ಅಳಿಸು, ತಾನಾಗಿಯೇ ಪೋರ್ಟ್ ತೆರೆಯುವ ಯುಪಿಎನ್‌ಪಿ ಆಫ್, ಗುಂಡಿ ಒತ್ತಿ ಅಥವಾ ಪಿನ್ ಹಾಕಿ ವೈಫೈ ಸೇರಿಸುವ ಡಬ್ಲ್ಯುಪಿಎಸ್ ಆಫ್, ಅಡ್ಮಿನ್ ಪಾಸ್‌ವರ್ಡ್ ಬದಲು. ಕ್ಯಾಮೆರಾ ನೋಡಲು ಕಂಪನಿಯ ಆಪ್ ಸಾಕು.

ನಡುವೆ ಹುಚ್ಚು ಪ್ರಯೋಗಗಳೂ ಆದವು. ಅಂಗೈಯಗಲದ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಮೇಲೆ, ಇಡೀ ಮನೆಯ ಜಾಹೀರಾತು ತಡೆಯುವ ಪೈ-ಹೋಲ್ ಹಾಕಿ ನನ್ನ ಮನೆಯಲ್ಲಿ ಓಡಿಸಿದೆ. ಜಾಹೀರಾತು ಮಾಯ, ಖುಷಿಯೋ ಖುಷಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಎರಡು ಮೆಮೊರಿ ಕಾರ್ಡ್ ಸತ್ತವು, ಆಮೇಲೆ ಸಿಡಿಲಿಗೆ ಲ್ಯಾನ್ ಪೋರ್ಟೇ ಹೋಯಿತು. ನಾಲ್ಕೈದು ಸಾವಿರ ಮಣ್ಣುಪಾಲು. ಈಗ ರೌಟರಿನ ಡಿಎನ್‌ಎಸ್ ಜಾಗದಲ್ಲಿ, ಅಂದರೆ ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆಯ ಜಾಗದಲ್ಲಿ, ಪುಕ್ಕಟೆ ಸೇವೆ ಕ್ವಾಡ್9ರ 9.9.9.9 ಬರೆದು ಬರುತ್ತೇನೆ. ಅದು ಜಾಹೀರಾತು ತಡೆಯುವುದಿಲ್ಲ, ಗೊತ್ತಿರುವ ಕೆಟ್ಟ ಸೈಟುಗಳನ್ನು ತಡೆಯುತ್ತದೆ. ಖರ್ಚು ಸೊನ್ನೆ. ಕೋರ್ 2 ಡ್ಯುಯೋ ಪ್ರೊಸೆಸರಿನ ಹಳೇ ಮಷಿನ್‌ಗೆ ವಿಂಡೋಸ್ ಬದಲು ಪುಕ್ಕಟೆಯ ಲಿನಕ್ಸ್ ಮಿಂಟ್ ಕೂಡ ಹಾಕಿ ನೋಡಿದೆ. ಚೆನ್ನಾಗೇ ಇತ್ತು, ಆದರೆ ಆ ಮನೆಯ ಲೇಸರ್ ಪ್ರಿಂಟರ್ ಜಪ್ಪಯ್ಯ ಅಂದರೂ ಮಾತಾಡಲಿಲ್ಲ.

ಕಳೆದ ಮಳೆಗಾಲದಲ್ಲಿ ಕೊಪ್ಪದ ಹತ್ತಿರದ ಮನೆಯಿಂದ ಫೋನ್ ಬಂತು. ಮಗ ಆಟದ ಕ್ರ್ಯಾಕ್ ಇಳಿಸಿದ್ದ, ಪಾಸ್‌ವರ್ಡ್ ಕೇಳಿತು, ಅಮ್ಮ ಕವರ್ ಒಡೆಯಲಿಲ್ಲ. "ಏನೋ ಕೇಳ್ತಾ ಉಂಟು ತಮ್ಮಾ, ಕೊಡ್ಲಾ?" ಅಂದರು. ಬೇಡ ಅಂದೆ. ಹೋಗಿ ನೋಡಿದರೆ ಬಿಚ್ಚಿದ ಫೈಲನ್ನು ಡಿಫೆಂಡರ್ ಆಗಲೇ ಕ್ವಾರಂಟೈನಿಗೆ ಹಾಕಿ, ಓಡದಂತೆ ಬೇರೆಯಾಗಿಟ್ಟಿತ್ತು. ಅದೇ ಕ್ರ್ಯಾಕ್ ಹುಡುಗನ ಸ್ನೇಹಿತನ ಲ್ಯಾಪ್‌ಟಾಪಿನಲ್ಲಿ ಪೂರ್ತಿ ಓಡಿತ್ತು, ಮನೆಯ ಫೋಟೋ ಒಂದೂ ಉಳಿದಿರಲಿಲ್ಲ. ಆ ಲ್ಯಾಪ್‌ಟಾಪ್, ಅಂದು ನನ್ನನ್ನು ನೋಡಿ ನಕ್ಕಿದ್ದ ಶಿವಮೊಗ್ಗದ ಗೆಳೆಯನ ಗಿರಾಕಿಯದ್ದು.

ಈಗ ಮೊದಲ ಸಲದ ಸೆಟ್ಟಿಂಗಿಗೆ ಏಳುನೂರು, ವರ್ಷಕ್ಕೊಮ್ಮೆ ಬಂದು ನೋಡಲು ನಾನೂರು. ನೂರರ ಹತ್ತಿರ ಮಷಿನ್ ಇವೆ, ಫೈಲ್ ಲಾಕ್ ಆದದ್ದು ಇದುವರೆಗೆ ಒಂದೂ ಇಲ್ಲ. ಡಬ್ಬಿಯ ದುಡ್ಡು ಉಳಿಯಿತಲ್ಲ ಅಂತ ಸುಮಾರು ಜನ ಎಸ್‌ಎಸ್‌ಡಿ ಹಾಕಿಸಿದರು, ಅದರಲ್ಲಿ ನನಗೆ ಉಳಿಯುವುದು ಡಬ್ಬಿಗಿಂತ ಜಾಸ್ತಿ. ಸದ್ಯದ ತಲೆನೋವು ಇಂಟೆಲ್ ಪ್ರೊಸೆಸರಿನ ಏಳನೇ ಜನರೇಶನ್‌ವರೆಗಿನ ಹಳೇ ಮಷಿನ್‌ಗಳದ್ದು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಇವಕ್ಕೆ ವಿಂಡೋಸ್ 11 ನೇರವಾಗಿ ಕೂರುವುದಿಲ್ಲ. ಮನೆ ಬಳಕೆಯವರಿಗೆ 2026ರ ಅಕ್ಟೋಬರ್‌ವರೆಗೆ ಕೊಟ್ಟಿರುವ ಹೆಚ್ಚುವರಿ ಅಪ್‌ಡೇಟಿಗೆ ಒಂದೊಂದನ್ನೇ ಸೇರಿಸುತ್ತಾ ಬರುತ್ತಿದ್ದೇನೆ, ಇನ್ನೂ ಮೂವತ್ತರಷ್ಟು ಬಾಕಿ ಇವೆ.