ಹಿರಿಯರ ನಿವಾಸದ ಊಟದ ಹಾಲ್: ಮೊದಲು ಕುರ್ಚಿ, ಆಮೇಲೆ ಉಳಿದದ್ದು

ಹಿರಿಯರ ನಿವಾಸಗಳ ಎಷ್ಟೋ ಊಟದ ಹಾಲ್‌ಗಳು ಖಾಲಿ ಇರುವಾಗ ಮಾತ್ರ ಚೆಂದ. ಎಲ್ಲರೂ ಬಂದು ಕೂತರೆ ಮುಗೀತು. ವಾಕರ್ ಇಡಲು ಜಾಗವಿಲ್ಲ, ಗಾಲಿಕುರ್ಚಿ ತಿರುಗುವುದಿಲ್ಲ, ಬಡಿಸುವವರು ಅಡ್ಡಡ್ಡ ನುಸುಳಬೇಕು. ನಕ್ಷೆಯ ಮೇಲೆ ಬರೀ ಮೇಜು ಎಣಿಸಿದರೆ ಹೀಗೇ ಆಗುವುದು.

1. ಜಾಗ ಆರಿಸಿ. ಮಲಗುವ ಕೋಣೆಗಳಿಗೆ ಹತ್ತಿರ, ಪಕ್ಕದಲ್ಲೇ ಶೌಚಾಲಯ, ಎಲ್ಲೂ ಮೆಟ್ಟಿಲು, ಹೊಸ್ತಿಲು ಬೇಡ. ಇದರಲ್ಲಿ ಚರ್ಚೆಯೇ ಇಲ್ಲ.

2. ಕುರ್ಚಿ ಆರಿಸಿ. ಮೇಜಿಗಿಂತ ಮೊದಲು ಇದು. ಜಾಸ್ತಿ ಜನ ಎಡವುವುದೂ ಇಲ್ಲೇ. ಕೈ ಇಲ್ಲದ ಕುರ್ಚಿ ತರಲೇಬೇಡಿ. ವಯಸ್ಸಾದವರು ಏಳುವುದು ಕಾಲಿನ ಬಲದಿಂದಷ್ಟೇ ಅಲ್ಲ, ಕೈ ಊರಿ. ಹಾಗಾಗಿ ಕುರ್ಚಿಯ ಕೈ ಆಸನದ ಮುಂದಿನ ಅಂಚಿನವರೆಗೂ ಬರಬೇಕು. ಅರ್ಧಕ್ಕೇ ನಿಂತರೆ ಏಳುವಾಗ ಹಿಡಿಯಲು ಸಿಗುವುದಿಲ್ಲ.

ಆಸನದ ಎತ್ತರ 45ರಿಂದ 48 ಸೆಂ.ಮೀ. ಇರಲಿ. ಇದನ್ನು ಯಾರಾದರೂ ಕೂತಿರುವಾಗ ಅಳೆಯಿರಿ. ಮೆತ್ತನೆಯ ಫೋಮ್ ಒಳಗಿಳಿದರೆ ಕ್ಯಾಟಲಾಗಿನ ಲೆಕ್ಕ ಅಲ್ಲಿಗೇ ಸುಳ್ಳಾಗುತ್ತದೆ. ಸೋಫಾದಂತೆ ಹೂತುಹೋಗುವ ಕುರ್ಚಿ ನೋಡಲು ಐಷಾರಾಮಿ, ಏಳಲು ಶಿಕ್ಷೆ.

ಈಗ ಆ ಕುರ್ಚಿಯನ್ನು ಮೇಜಿನ ಕೆಳಗೆ ತಳ್ಳಿ ನೋಡಿ. ಆಸನ 46, ಅದರ ಮೇಲೆ ಕೈ 20, ಒಟ್ಟು 66 ಸೆಂ.ಮೀ. ಮೇಜು 75 ಸೆಂ.ಮೀ. ಇದೆ ಅಂದ್ಕೊಳ್ಳಿ. ಹಲಗೆಯ ದಪ್ಪ 3, ಕೆಳಗೆ ಸುತ್ತಲೂ 8 ಸೆಂ.ಮೀ. ಪಟ್ಟಿ. ಉಳಿದದ್ದು 64. ಕುರ್ಚಿಯ ಕೈ ಪಟ್ಟಿಗೆ ತಾಗಿ ಹೊರಗೇ ನಿಲ್ಲುತ್ತದೆ. ಕೂತವರು ತಟ್ಟೆಗೆ ದೂರವಾಗುತ್ತಾರೆ, ಊಟ ಮಡಿಲಿಗೆ ಬೀಳುತ್ತದೆ. ನೋಡಿದವರು ‘ಪಾಪ, ಕೈ ನಡುಗುತ್ತೆ’ ಅಂತಾರೆ. ತಪ್ಪು ಪಟ್ಟಿಯದ್ದು.

3. ಮೇಜು. ಪಟ್ಟಿ ತೀರಾ ಕಿರಿದಾಗಿರಲಿ, ಇಲ್ಲದಿದ್ದರೆ ಇನ್ನೂ ಒಳ್ಳೆಯದು. ಗಾಲಿಕುರ್ಚಿಯವರ ಮಂಡಿ ಒಳಗೆ ಹೋಗಲೂ ಮೇಜಿನ ಕೆಳಗೆ ಸುಮಾರು 70 ಸೆಂ.ಮೀ. ಎತ್ತರ ಬೇಕು. ನಡುವೆ ಒಂದೇ ಕಂಬವಿರುವ ಮೇಜು ನನಗೆ ಬಿಲ್ಕುಲ್ ಹಿಡಿಸದು. ಅಂಚಿಗೆ ಭಾರ ಹಾಕಿ ಎದ್ದರೆ ಅದು ವಾಲಬಹುದು, ಅದರ ಪಾದ ಗಾಲಿಕುರ್ಚಿಯ ಕಾಲುಮಣೆಗೆ ಅಡ್ಡ ಬರುತ್ತದೆ. ನಾಲ್ಕು ಮೂಲೆಗೆ ನಾಲ್ಕು ಕಾಲು, ನಾಲ್ಕು ಜನರಿಗೆ ಒಂದು ಚೌಕ ಮೇಜು. ಎಂಟು ಜನರ ಉದ್ದ ಮೇಜಿನಲ್ಲಿ ಕಿವಿ ಮಂದವಾದವರು ಮಾತಿನಿಂದ ಹೊರಗುಳಿಯುತ್ತಾರೆ. ಗಾಜಿನ ಮೇಜು ಬೇಡವೇ ಬೇಡ. ಅಂಚು ಕಾಣುವುದಿಲ್ಲ, ಮೇಲಿನ ದೀಪ ಕಣ್ಣಿಗೆ ಹೊಡೆಯುತ್ತದೆ.

4. ನಡುವಿನ ದಾರಿ. ಕೂತವರ ಬೆನ್ನು ಮೇಜಿನ ಅಂಚಿನಿಂದ ಸುಮಾರು 50 ಸೆಂ.ಮೀ. ಆಚೆ ಇರುತ್ತದೆ. ಬೆನ್ನಿಗೆ ಬೆನ್ನು ಹಾಕಿ ಕೂತ ಇಬ್ಬರ ನಡುವೆ ಗಾಲಿಕುರ್ಚಿ ಹೋಗಲು 90 ಸೆಂ.ಮೀ. ಬೇಕು. ಅಂದರೆ ಮೇಜಿನಿಂದ ಮೇಜಿಗೆ 190. ಗಾಲಿಕುರ್ಚಿ ತಿರುಗುವ ಕಡೆ 150 ಸೆಂ.ಮೀ. ಸುತ್ತಳತೆಯಲ್ಲ, ಅಡ್ಡಳತೆ. ಇಷ್ಟು ಬಿಟ್ಟರೆ ಕೆಲವು ಮೇಜು ಕಡಿಮೆಯಾಗುತ್ತವೆ, ಮಾಲೀಕರು ಗೊಣಗುತ್ತಾರೆ. ಒಂದೇ ಹೊತ್ತಿನ ಬದಲು ಎರಡು ಪಂಕ್ತಿ ಮಾಡಿ, ಆದರೆ ದಾರಿ ಕಿರಿದು ಮಾಡಬೇಡಿ. ಮೇಜು ಕೊಳ್ಳುವ ಮೊದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಜನರನ್ನು ಕೂರಿಸಿ, ಗಾಲಿಕುರ್ಚಿ ಓಡಿಸಿ ನೋಡಿ. ಕಂಪ್ಯೂಟರಿನ ಮೂರು ಆಯಾಮದ ಚಿತ್ರಕ್ಕಿಂತ ಇದು ವಾಸಿ.

5. ಬೆಳಕು, ನೆಲ, ಸದ್ದು. ಅರವತ್ತರ ಕಣ್ಣಿನೊಳಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ಸಿಗುವುದರ ಮೂರನೇ ಒಂದರಷ್ಟು. ಮೇಜಿನ ಮೇಲೆ 500 ಲಕ್ಸ್ (ಬೆಳಕಿನ ಅಳತೆ) ಬೀಳಲಿ, ಆದರೆ ಬಲ್ಬು ನೇರ ಕಾಣದಂತೆ ಮುಚ್ಚಿ. ಫಳಫಳ ಹೊಳೆಯುವ ಟೈಲ್ಸ್ ನೀರು ಚೆಲ್ಲಿದಂತೆ ಕಾಣುತ್ತದೆ, ಕಪ್ಪು ಪಟ್ಟೆ ಗುಂಡಿಯಂತೆ. ಮರೆವಿನ ಕಾಯಿಲೆ ಇರುವವರು ಅಲ್ಲೇ ನಿಂತುಬಿಡುತ್ತಾರೆ. ಬಿಳಿ ಮೇಜಿನ ಮೇಲೆ ಬಿಳಿ ತಟ್ಟೆ ಬೇಡ, ಬಣ್ಣ ಬೇರೆ ಇರಲಿ. ಸದ್ದು ಹೀರುವ ಚಾವಣಿ ಹಾಕಿಸಿ. ಶ್ರವಣ ಸಾಧನವು ಮಾತಿನ ಜೊತೆಗೆ ಪಾತ್ರೆಯ ಸದ್ದನ್ನೂ ಜೋರು ಮಾಡುತ್ತದಲ್ವಾ? ಗೋಡೆಯ ಬಣ್ಣ, ಪರದೆ ನಿಮ್ಮಿಷ್ಟ.

6. ವಾಕರ್ ನಿಲ್ಲಿಸುವ ಜಾಗ. ಇದನ್ನು ಎಲ್ಲರೂ ಮರೆಯುತ್ತಾರೆ. ಎಲ್ಲರ ವಾಕರ್ ಒಯ್ದು ಬಾಗಿಲ ಮೂಲೆಗೆ ಗುಡ್ಡೆ ಹಾಕುವುದು ಸಿಬ್ಬಂದಿಗೆ ಸುಲಭ. ಆದರೆ ಕೂತವರು ಯಾರಾದರೂ ಬರುವವರೆಗೂ ಅಲ್ಲೇ ಬಂದಿ. ಪ್ರತಿ ಮೇಜಿಗೂ ಹತ್ತಿರ, ದಾರಿಗೆ ಅಡ್ಡವಾಗದಂತೆ, ಕೂತವರ ಕಣ್ಣಿಗೆ ಕಾಣುವಂತೆ ಜಾಗ ಗುರುತಿಸಿ. ಸೀಮೆಸುಣ್ಣದ ಗೆರೆ ಎಳೆಯುವಾಗಲೇ ಇದನ್ನೂ ಎಳೆದುಬಿಡಿ.