ಕಾರಿನ ಬ್ಲೋವರ್ ನಿಂತುಹೋಯಿತಾ? ಮೊದಲು ನಾಬ್ ನಾಲ್ಕಕ್ಕೆ ತಿರುಗಿಸಿ

ಜುಲೈ ಮಳೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆವು. ಗಾಜಿಗೆ ಬಿಸಿಗಾಳಿ ಊದುತ್ತಿದ್ದ ಬ್ಲೋವರ್ ಇದ್ದಕ್ಕಿದ್ದಂತೆ ನಿಂತಿತು. ಸ್ವಲ್ಪ ಹೊತ್ತಿನಲ್ಲೇ ಮುಂದಿನ ಗಾಜು ಒಳಗಿನಿಂದ ಬೆಳ್ಳಗೆ ಮಸುಕಾಯಿತು. ಒರೆಸಿದಷ್ಟೂ ಮತ್ತೆ ಮಸುಕು. ಫ್ಯಾನಿನ ವೇಗದ ನಾಬನ್ನು ಒಂದು, ಎರಡು ಎಂದು ತಿರುಗಿಸಿ ನೋಡಿ ಕೈಬಿಟ್ಟೆ. ಕಿಟಕಿ ಇಳಿಸಿ, ನೆನೆಯುತ್ತಲೇ ಮೆಲ್ಲಗೆ ಕೆಳಗಿಳಿದೆವು.

ಆಮೇಲೆ ಗೊತ್ತಾಯಿತು, ನಾಲ್ಕರವರೆಗೂ ತಿರುಗಿಸಿದ್ದರೆ ಫ್ಯಾನ್ ಓಡುತ್ತಿತ್ತು. ಗ್ಯಾರೇಜಿನಲ್ಲಿ ಬಿಚ್ಚಿಯೂ ನೋಡದೆ ‘ಮೋಟರ್ ಹೋಗಿದೆ, ಹೊಸದು ಹಾಕಬೇಕು’ ಎಂದರು. ಕೆಟ್ಟಿದ್ದು ಮೋಟರ್ ಅಲ್ಲ, ಫ್ಯಾನಿನ ವೇಗ ತಗ್ಗಿಸುವ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ರೆಸಿಸ್ಟರ್. ನೀವು ಸುಮ್ನೆ ಮೋಟರಿಗೆ ದುಡ್ಡು ಕೊಡಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಹೀಟರಿಗೂ ಎಸಿಗೂ ಗಾಳಿ ದೂಡುವ ಫ್ಯಾನ್ ಒಂದೇ. ಇಂಜಿನ್ ಆಫ್ ಇರಲಿ, ಕೀಲಿಯನ್ನು ಆನ್ ಮಾಡಿ. ಎಸಿ ಬೇಡ. ನಾಬನ್ನು ಒಂದರಿಂದ ನಾಲ್ಕರವರೆಗೆ ನಿಧಾನಕ್ಕೆ ತಿರುಗಿಸಿ, ಪ್ರತಿ ನಂಬರಿನಲ್ಲೂ ಕಿವಿಗೊಟ್ಟು ಕೇಳಿ. ನಾಲ್ಕರಲ್ಲಿ ಮಾತ್ರ ಓಡಿದರೆ ತೊಂದರೆ ಹೆಚ್ಚು ಕಡಿಮೆ ರೆಸಿಸ್ಟರಿನಲ್ಲೇ ಇರುತ್ತದೆ. ಒಂದು, ಎರಡು, ಮೂರರಲ್ಲಿ ಕರೆಂಟು ಅದರ ಸುರುಳಿಗಳ ಮೂಲಕ ಹೋಗಬೇಕು. ನಾಲ್ಕರಲ್ಲಿ ಅದನ್ನು ಬಿಟ್ಟು ನೇರವಾಗಿ ಹೋಗುತ್ತದೆ. ನಾಬಿನ ಬದಲು ತಾಪಮಾನ ತೋರಿಸುವ ಆಟೋಮ್ಯಾಟಿಕ್ ಎಸಿ ಕಾರುಗಳಲ್ಲಿ ಸಾಮಾನ್ಯವಾಗಿ ರೆಸಿಸ್ಟರ್ ಬದಲು ಎಲೆಕ್ಟ್ರಾನಿಕ್ ಮಾಡ್ಯೂಲ್ ಇರುತ್ತದೆ. ಅಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ.

ಯಾವ ನಂಬರಿನಲ್ಲೂ ಸದ್ದಿಲ್ಲವಾ? ಹಾಗಾದರೆ ಫ್ಯೂಸ್ ನೋಡಿ. ಬ್ಲೋವರ್ ಫ್ಯೂಸ್ ಸಾಮಾನ್ಯವಾಗಿ 20ರಿಂದ 30 ಆಂಪಿಯರಿನದು. ಚಪ್ಪಟೆ ಫ್ಯೂಸುಗಳಲ್ಲಿ 20 ಹಳದಿ, 30 ಹಸಿರು. ಒಳಗಿನ ತಂತಿ ತುಂಡಾಗಿದ್ದರೆ ಅಷ್ಟೇ ಆಂಪಿಯರಿನ ಹೊಸದು ಹಾಕಿ. ತಂತಿ ಸುತ್ತುವುದು, ದೊಡ್ಡ ಫ್ಯೂಸ್ ಸಿಕ್ಕಿಸುವುದು ದಯವಿಟ್ಟು ಬೇಡ, ವೈರಿಗೆ ಬೆಂಕಿ ಹಿಡಿಯುತ್ತದೆ. ಹೊಸ ಫ್ಯೂಸೂ ಸುಟ್ಟರೆ ಮೋಟರ್ ಬಿಗಿಯಾಗಿದೆ, ಇಲ್ಲವೇ ಎಲ್ಲೋ ಶಾರ್ಟ್ ಆಗಿದೆ ಎಂದರ್ಥ.

ಮೋಟರ್ ಇರುವುದು ಹೆಚ್ಚಿನ ಕಾರುಗಳಲ್ಲಿ ಎಡಗಡೆ, ಗ್ಲೋವ್ ಬಾಕ್ಸಿನ ಹಿಂದೆ ಕೆಳಗೆ. ಬಾಕ್ಸಿನ ಎರಡೂ ಬದಿಯನ್ನು ಒಳಕ್ಕೆ ಒತ್ತಿದರೆ ಅದು ಕೆಳಗೆ ಇಳಿಯುತ್ತದೆ. ಅಲ್ಲಿ ಹಳದಿ ಬಣ್ಣದ ವೈರು, ಕನೆಕ್ಟರ್ ಕಂಡರೆ ಮುಟ್ಟಬೇಡಿ, ಅದು ಏರ್‌ಬ್ಯಾಗಿನದು. ನಾಬ್ ನಾಲ್ಕರಲ್ಲಿಟ್ಟು, ಸ್ಕ್ರೂಡ್ರೈವರಿನ ಹಿಡಿಯಿಂದ ಮೋಟರಿನ ಮೇಲೆ ಮೆತ್ತಗೆ ಒಂದೆರಡು ಸಲ ತಟ್ಟಿ. ತಟ್ಟಿದೊಡನೆ ತಿರುಗಿದರೆ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಒಳಗಿನ ಕಾರ್ಬನ್ ಬ್ರಶ್ ಸವೆದಿರಬೇಕು. ಊರು ಮುಟ್ಟಿಸಬಹುದು, ಆದರೆ ಅದು ಜಾಸ್ತಿ ದಿನ ಬಾಳುವುದಿಲ್ಲ.

ತಟ್ಟಿದರೂ ತಿರುಗದಿದ್ದರೆ ಟೆಸ್ಟ್ ಲ್ಯಾಂಪ್, ಅಂದರೆ ಕರೆಂಟು ಬಂದರೆ ಉರಿಯುವ ಎರಡು ತುದಿಯ ಬಲ್ಬ್ ತನ್ನಿ. ಮೀಟರಿಗಿಂತ ಬಲ್ಬ್ ಇರುವ ಲ್ಯಾಂಪೇ ಇಲ್ಲಿ ಒಳ್ಳೆಯದು. ತುಕ್ಕು ಹಿಡಿದ ಕನೆಕ್ಟರಿನಲ್ಲೂ ಮೀಟರ್ 12 ವೋಲ್ಟ್ ತೋರಿಸಿಬಿಡುತ್ತದೆ, ಬಲ್ಬ್ ಮಂಕಾಗಿ ಉರಿದು ನಿಜ ಹೇಳುತ್ತದೆ. ಮೋಟರಿನ ಕನೆಕ್ಟರ್ ಬಿಚ್ಚಿ, ಎರಡು ದಪ್ಪ ವೈರುಗಳ ತುದಿಗೆ ಲ್ಯಾಂಪ್ ಹಿಡಿಯಿರಿ. ಚೆನ್ನಾಗಿ ಉರಿದರೆ ಕರೆಂಟು ಬರುತ್ತಿದೆ, ಮೋಟರೇ ಸತ್ತಿದೆ. ಉರಿಯದಿದ್ದರೆ ಲ್ಯಾಂಪಿನ ಒಂದು ತುದಿಯನ್ನು ಬಣ್ಣವಿಲ್ಲದ ಬಾಡಿ ಲೋಹಕ್ಕೆ ತಾಗಿಸಿ, ಇನ್ನೊಂದನ್ನು ಒಂದೊಂದು ವೈರಿಗೂ ಹಿಡಿದು ನೋಡಿ. ಒಂದರಲ್ಲಿ ಉರಿದರೆ ಕರೆಂಟು ಬಂದಿದೆ, ವಾಪಸ್ ಹೋಗುವ ದಾರಿ ತುಂಡಾಗಿದೆ. ಅಂದರೆ ಸ್ವಿಚ್ ಅಥವಾ ಅರ್ಥ್ (ಬಾಡಿಗೆ ಸೇರುವ ವೈರು) ಕೆಟ್ಟಿದೆ. ಎರಡರಲ್ಲೂ ಕತ್ತಲೆಯಾದರೆ ರಿಲೇ, ಅಂದರೆ ಮೋಟರಿಗೆ ಕರೆಂಟು ಬಿಡುವ ವಿದ್ಯುತ್ ಸ್ವಿಚ್ ನೋಡಬೇಕು. ಫ್ಯೂಸ್ ಬಾಕ್ಸಿನಲ್ಲಿ ಅದೇ ನಂಬರಿನ ಇನ್ನೊಂದು ರಿಲೇ ಇದ್ದರೆ ಅದಲು ಬದಲು ಮಾಡಿದರೆ ಗೊತ್ತಾಗುತ್ತದೆ.

ಇನ್ನು ರೆಸಿಸ್ಟರ್. ಕೀಲಿ ತೆಗೆದು, ಬ್ಯಾಟರಿಯ ಮೈನಸ್ ಕಳಚಿ, ಕೆಲವು ನಿಮಿಷ ಬಿಡಿ. ಮೋಟರಿನ ಪಕ್ಕದಲ್ಲೇ, ಗಾಳಿ ಹೋಗುವ ಪೆಟ್ಟಿಗೆಗೆ ಇದು ಕೂತಿರುತ್ತದೆ. ಸಾಮಾನ್ಯವಾಗಿ ಎರಡೇ ಸ್ಕ್ರೂ. ನನ್ನದನ್ನು ಎಳೆದಾಗ ಒಂದು ಸುರುಳಿ ಕಪ್ಪಾಗಿ, ಅದರ ಬುಡದ ಥರ್ಮಲ್ ಫ್ಯೂಸ್ ಬಿಟ್ಟುಕೊಂಡಿತ್ತು. ಸುರುಳಿಗಳ ನಡುವೆ ಒಣ ಎಲೆಯ ಪುಡಿ. ಆ ಥರ್ಮಲ್ ಫ್ಯೂಸನ್ನು ತಂತಿಯಿಂದ ಬೆಸೆದು ಕೊಡುವವರಿದ್ದಾರೆ, ಒಪ್ಪಬೇಡಿ. ರೆಸಿಸ್ಟರ್ ಅತಿಯಾಗಿ ಕಾದಾಗ ಕರೆಂಟು ಕಡಿಯಲಿ ಅಂತಲೇ ಅದನ್ನು ಇಟ್ಟಿರುವುದು. ಕನೆಕ್ಟರಿನ ಪ್ಲಾಸ್ಟಿಕ್ ಕರಗಿದೆಯಾ ಅಂತಲೂ ನೋಡಿ. ಕರಗಿದ್ದರೆ ಅದನ್ನೂ ಬದಲಾಯಿಸಿ, ಇಲ್ಲದಿದ್ದರೆ ಹೊಸ ರೆಸಿಸ್ಟರ್ ಹಾಕಿದರೂ ಅಲ್ಲೇ ಮತ್ತೆ ಸುಡುತ್ತದೆ.

ರೆಸಿಸ್ಟರ್ ಯಾಕೆ ಕಾಯುತ್ತದೆ ಗೊತ್ತಾ? ಅದನ್ನು ತಣ್ಣಗಿಡುವುದು ಬ್ಲೋವರಿನದೇ ಗಾಳಿ. ಒಳಗೆ ಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ಧೂಳಿನಿಂದ ಕಟ್ಟಿಕೊಂಡರೆ ಗಾಳಿ ಕಡಿಮೆ, ಕಾವು ಜಾಸ್ತಿ. ಮೋಟರ್ ಬಿಗಿಯಾಗಿ ತಿರುಗಿದರೆ ಕರೆಂಟು ಜಾಸ್ತಿ ಎಳೆಯುತ್ತದೆ, ಆಗಲೂ ಅದೇ ಕಥೆ. ಹಾಗಾಗಿ ಇಷ್ಟು ಬಿಚ್ಚಿದ ಮೇಲೆ ಮೋಟರನ್ನೂ ಇಳಿಸಿ ನೋಡಿ, ಹೆಚ್ಚಾಗಿ ಮೂರು ಸ್ಕ್ರೂ. ಕೈಯಿಂದ ತಿರುಗಿಸಿದರೆ ಸಲೀಸಾಗಿ ಸುತ್ತಬೇಕು. ಎಲೆ, ಕಡ್ಡಿ, ಕೆಲವೊಮ್ಮೆ ಇಲಿಯ ಗೂಡೂ ಸಿಗುತ್ತದೆ, ಎಲ್ಲ ತೆಗೆಯಿರಿ. ಫಿಲ್ಟರ್ ಹೊಸದು ಹಾಕುವಾಗ ಬಾಣದ ಗುರುತು ಗಾಳಿಯ ದಿಕ್ಕಿಗೇ ಇರಲಿ.

ಗ್ಲೋವ್ ಬಾಕ್ಸ್ ಮುಚ್ಚುವ ಮೊದಲು ಬ್ಯಾಟರಿ ಜೋಡಿಸಿ, ನಾಲ್ಕೂ ವೇಗ ಓಡಿಸಿ ನೋಡಿ. ಮರದಡಿ ಕಾರು ನಿಲ್ಲಿಸುವವರಾದರೆ ವೈಪರ್ ಬುಡದ ಜಾಲರಿಯ ಎಲೆಗಳನ್ನು ಮಳೆ ಶುರುವಾಗುವ ಮೊದಲೇ ಬಾಚಿ ತೆಗೆಯಿರಿ. ಅವು ಒಳಗೆ ಇಳಿಯುವುದು ಅಲ್ಲಿಂದಲೇ.